ಕೊಥ್ರೂಡಿನ ಪಂಚಕರ್ಮ ಚಿಕಿತ್ಸಾಲಯದಲ್ಲಿ ವಿರೇಚನ

ಪುಣೆಯಲ್ಲಿ ಆಯುರ್ವೇದದ ಶುದ್ಧಿಚಿಕಿತ್ಸೆಯಾದ ಪಂಚಕರ್ಮದ ಫಲಕ ಹಾಕಿಕೊಂಡ ಕೇಂದ್ರಗಳಿಗೆ ಕೊರತೆಯಿಲ್ಲ. ಆದರೆ ಅವುಗಳಲ್ಲಿ ಎಷ್ಟೋ ಕಡೆ ಸಿಗುವುದು ಮೈಗೆ ಎಣ್ಣೆ ತಿಕ್ಕುವ ಅಭ್ಯಂಗ, ಹಬೆಪೆಟ್ಟಿಗೆಯ ಸ್ವೇದನ, ಹಣೆಯ ಮೇಲೆ ಎಣ್ಣೆ ಸುರಿಯುವ ಶಿರೋಧಾರೆ, ಇಷ್ಟೇ. ಚರಕಸಂಹಿತೆಯ ಐದು ಕರ್ಮಗಳೆಂದರೆ ವಮನ (ವಾಂತಿ ಮಾಡಿಸುವುದು), ವಿರೇಚನ (ಭೇದಿ ಮಾಡಿಸುವುದು), ನಿರೂಹ ಬಸ್ತಿ (ಗುದದ್ವಾರದಿಂದ ಕಷಾಯ ಕೊಡುವುದು), ಅನುವಾಸನ ಬಸ್ತಿ (ಹಾಗೆಯೇ ಎಣ್ಣೆ ಕೊಡುವುದು) ಮತ್ತು ನಸ್ಯ (ಮೂಗಿಗೆ ಔಷಧಿ ಹಾಕುವುದು). ಸುಶ್ರುತನ ದಾರಿಯವರು ಎರಡು ಬಸ್ತಿಗಳನ್ನು ಒಂದಾಗಿಸಿ ರಕ್ತ ಹೊರತೆಗೆಯುವ ರಕ್ತಮೋಕ್ಷಣವನ್ನು ಸೇರಿಸಿಕೊಳ್ಳುತ್ತಾರೆ. ಅಭ್ಯಂಗ ಮತ್ತು ಸ್ವೇದನ ಈ ಕರ್ಮಗಳಿಗೆ ದೇಹವನ್ನು ಅಣಿಮಾಡುವ ಪೂರ್ವಕರ್ಮಗಳು ಮಾತ್ರ. ಅವನ್ನೇ ಪಂಚಕರ್ಮವೆಂದು ಮಾರುವುದು ರೋಗಿಗೂ ಶಾಸ್ತ್ರಕ್ಕೂ ಮಾಡುವ ಅನ್ಯಾಯ.

ನಾನು ವಿರೇಚನ ಮಾಡಿಸಿಕೊಂಡ, ಪುಣೆಯ ಕೊಥ್ರೂಡ್ ಬಡಾವಣೆಯ ಚಿಕಿತ್ಸಾಲಯವನ್ನು ಮೆಚ್ಚಲು ಮುಖ್ಯ ಕಾರಣ, ಅದು ಭೇದಿ ಮಾಡಿಸುವ ಒಂದು ದಿನಕ್ಕಿಂತ ಅದರ ಹಿಂದಿನ ಮತ್ತು ಮುಂದಿನ ದಿನಗಳಿಗೆ ಹೆಚ್ಚು ಗಮನ ಕೊಟ್ಟದ್ದು. ವರ್ಷಗಳಿಂದ ಕಾಡುತ್ತಿದ್ದ ಪಿತ್ತದ ಗಂಧೆ ಮತ್ತು ಎದೆಯುರಿಗಾಗಿ ಅಲ್ಲಿಗೆ ಹೋಗಿದ್ದೆ. ಮೊದಲ ಭೇಟಿಯಲ್ಲಿ ವೈದ್ಯೆ ನಾಡಿ ಮತ್ತು ನಾಲಿಗೆ ನೋಡಿ, ಹಸಿವು, ನಿದ್ದೆ, ಮಲಪ್ರವೃತ್ತಿಗಳ ಬಗೆಗೆ ವಿವರವಾಗಿ ಕೇಳಿದರು. ಅಷ್ಟಕ್ಕೇ ನಿಲ್ಲದೆ ಹಿಮೋಗ್ಲೋಬಿನ್, ಸಕ್ಕರೆ ಮತ್ತು ಮೂತ್ರಪಿಂಡದ ರಕ್ತಪರೀಕ್ಷೆಯ ವರದಿ ತರುವವರೆಗೆ ದಿನಾಂಕವನ್ನೇ ಕೊಡಲಿಲ್ಲ. ಗರ್ಭಿಣಿಯರಿಗೆ, ತೀರ ನಿಶ್ಶಕ್ತರಿಗೆ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರಿಗೆ ವಿರೇಚನ ಅಪಾಯಕಾರಿಯಾಗಬಲ್ಲದು. ನೀರು ಮತ್ತು ಲವಣಾಂಶ ಹಠಾತ್ತನೆ ಇಳಿದರೆ ಗಟ್ಟಿಮುಟ್ಟಾದವರೂ ಕುಸಿಯುತ್ತಾರೆ. ಆದ್ದರಿಂದ ಫೋನಿನಲ್ಲೇ ಪ್ಯಾಕೇಜು ನಿಗದಿ ಮಾಡುವ ಕೇಂದ್ರಗಳಿಗೆ ದಯವಿಟ್ಟು ಹೋಗಬೇಡಿ.

ಕಾಲದ ಆಯ್ಕೆಯೂ ಸರಿಯಾಗಿತ್ತು. ವಸಂತದಲ್ಲಿ ವಮನ, ಮಳೆಗಾಲದಲ್ಲಿ ಬಸ್ತಿ, ಶರದೃತುವಿನಲ್ಲಿ ವಿರೇಚನ ಎಂಬುದು ಶಾಸ್ತ್ರದ ಕ್ರಮ. ಮಳೆ ಹಿಂದೆ ಸರಿದು ಬಿಸಿಲು ಚುರುಕಾಗುವ ಅಕ್ಟೋಬರಿನಲ್ಲಿ ಪಿತ್ತ ಕೆರಳುತ್ತದೆ ಎಂಬ ಕಾರಣಕ್ಕೆ, ಶ್ರಾವಣದಲ್ಲಿ ಕೇಳಲು ಹೋದ ನನ್ನನ್ನು ಅವರು ದಸರೆಯವರೆಗೆ ಕಾಯಿಸಿದರು.

ನಿಜವಾದ ಪರೀಕ್ಷೆ ಸ್ನೇಹಪಾನದ್ದು, ಅಂದರೆ ವಿರೇಚನಕ್ಕೆ ಮೊದಲು ಔಷಧದ ತುಪ್ಪ ಕುಡಿಯುವುದು. ಚರ್ಮದ ತೊಂದರೆಗಳಿಗೆ ಕೊಡುವ ಪಂಚತಿಕ್ತ ಘೃತವನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕುಡಿಯಬೇಕು. ಬೇವು, ಅಮೃತಬಳ್ಳಿ, ಆಡುಸೋಗೆ ಮೊದಲಾದ ಕಹಿ ಮೂಲಿಕೆಗಳಲ್ಲಿ ಸಿದ್ಧವಾದ ಆ ತುಪ್ಪವನ್ನು ಅಳತೆಯ ಲೋಟದಲ್ಲಿ ಬೆಚ್ಚಗೆ ಕರಗಿಸಿ ಕೊಡುತ್ತಾರೆ, ಮೇಲೆ ಬಿಸಿನೀರು. ಕಹಿಗಿಂತ ಅದರ ಜಿಡ್ಡು ಗಂಟಲಲ್ಲಿ ನಿಲ್ಲುವುದೇ ಹೆಚ್ಚು ಕಷ್ಟ. ಪ್ರಮಾಣವನ್ನು ದಿನದಿನಕ್ಕೆ ಏರಿಸುತ್ತಾರೆ. ಕೋಷ್ಠ (ಹೊಟ್ಟೆ, ಕರುಳಿನ ಸ್ವಭಾವ) ಮೃದುವಾಗಿದ್ದವರಿಗೆ 3 ದಿನ ಸಾಕಾಗುತ್ತದೆ, ಗಡುಸಾಗಿದ್ದರೆ 7 ದಿನಗಳವರೆಗೂ ಹೋಗಬಹುದು. ತುಪ್ಪ ಜೀರ್ಣವಾಗಿ ಚೆನ್ನಾಗಿ ಹಸಿವಾಗುವವರೆಗೆ ಊಟ ಕೂಡದು, ಹಗಲುನಿದ್ದೆಯೂ ಕೂಡದು. ಪ್ರತಿ ಮಧ್ಯಾಹ್ನ ಚಿಕಿತ್ಸಾಲಯದಿಂದ ಫೋನು ಬರುತ್ತಿತ್ತು. ತೇಗು ತಿಳಿಯಾಯಿತೇ, ಬಾಯಾರಿಕೆಯಿದೆಯೇ, ಮಲದಲ್ಲಿ ಜಿಡ್ಡು ಕಂಡಿತೇ ಎಂದು ವಿಚಾರಿಸಿ, ನಾನು ಕೊಟ್ಟ ಉತ್ತರದ ಮೇಲೆಯೇ ಮರುದಿನದ ಅಳತೆಯನ್ನು ತೀರ್ಮಾನಿಸುತ್ತಿದ್ದರು. ಅಲ್ಲಿನ ಪರಿಚಾರಿಕೆಯೊಬ್ಬರು ಜಮಖಂಡಿಯ ಕಡೆಯವರು. "ಅಕ್ಕಾರ, ನಾಚ್ಕೋಬ್ಯಾಡ್ರಿ, ಹೊಟ್ಟೀದು ಇದ್ದದ್ದು ಇದ್ದಂಗ ಹೇಳ್ರಿ" ಎಂದು ಅವರು ಅಂದ ಮೇಲೆ ನನಗೆ ನಿರಾಳವಾಯಿತು. ಮರಾಠಿಯನ್ನು ಅಂಗಡಿ, ಕಚೇರಿಗಳಲ್ಲಿ ಸಲೀಸಾಗಿ ಆಡುವ ನಮ್ಮವರಿಗೂ ಹೊಟ್ಟೆಯ ಸಂಕಟವನ್ನು ಸೂಕ್ಷ್ಮವಾಗಿ ವಿವರಿಸಲು ಮನೆಮಾತೇ ಬೇಕಾಗುತ್ತದೆ.

ತುಪ್ಪ ನಿಲ್ಲಿಸಿದ ಮೇಲೆ 3 ದಿನ ಅಭ್ಯಂಗ ಮತ್ತು ಸ್ವೇದನ. ನಾಲ್ಕನೆಯ ಬೆಳಿಗ್ಗೆ ಭೇದಿ ಮಾಡಿಸುವ ತ್ರಿವೃತ್ ಲೇಹ ನೆಕ್ಕಿಸಿದರು. ಶಾಸ್ತ್ರದಲ್ಲಿ 10 ವೇಗಗಳಾದರೆ (10 ಸಲ ಭೇದಿಯಾದರೆ) ಅಲ್ಪ ಶುದ್ಧಿ, 20 ಆದರೆ ಮಧ್ಯಮ, 30 ಆದರೆ ಉತ್ತಮ ಎಂಬ ಲೆಕ್ಕವಿದ್ದರೂ, ವೈದ್ಯೆ ಸಂಖ್ಯೆಗೆ ಅಂಟಿಕೊಳ್ಳದೆ ಕೊನೆಯಲ್ಲಿ ಕಫ ಕಾಣಿಸಿಕೊಳ್ಳುವುದನ್ನೂ ಮೈ ಹಗುರಾಗುವುದನ್ನೂ ಗುರುತಾಗಿ ಹಿಡಿದರು. ಸಂಜೆಯವರೆಗೂ ಅಲ್ಲೇ ಮಲಗಿಸಿಕೊಂಡು, ನಡುನಡುವೆ ರಕ್ತದೊತ್ತಡ ನೋಡಿ, ಮನೆಗೆ ಕರೆದೊಯ್ಯಲು ಯಾರಾದರೂ ಬಂದ ಮೇಲೆಯೇ ಬಿಡುವುದು ಅಲ್ಲಿಯ ನಿಯಮ.

ಆಮೇಲಿನ ಸಂಸರ್ಜನ ಕ್ರಮವನ್ನು, ಅಂದರೆ ಹಂತಹಂತವಾಗಿ ಊಟಕ್ಕೆ ಮರಳುವ ಪಥ್ಯವನ್ನು, ಹೆಚ್ಚಿನ ಕೇಂದ್ರಗಳು ಒಂದು ಚೀಟಿಯಲ್ಲಿ ಮುಗಿಸಿಬಿಡುತ್ತವೆ. ಇಲ್ಲಿ ಹಾಗಾಗಲಿಲ್ಲ. ಮೊದಲು ತಿಳಿಗಂಜಿ, ಅನಂತರ ಗಟ್ಟಿಗಂಜಿ, ಆಮೇಲೆ ಉಪ್ಪು ಒಗ್ಗರಣೆಯಿಲ್ಲದ ಹೆಸರುಬೇಳೆಯ ಕಟ್ಟು, ಮುಂದೆ ಒಗ್ಗರಣೆ ಹಾಕಿದ ಕಟ್ಟು, ಹೀಗೆ ಮೆಟ್ಟಿಲುಮೆಟ್ಟಿಲಾಗಿ ಊಟಕ್ಕೆ ಮರಳಿಸಿದರು. ಶುದ್ಧಿಯ ಮಟ್ಟಕ್ಕೆ ತಕ್ಕಂತೆ ಇದು 3, 5 ಅಥವಾ 7 ದಿನಗಳ ಪಥ್ಯ. ಜೋಳದ ರೊಟ್ಟಿ ಯಾವಾಗ ತಿನ್ನಬಹುದೆಂದು ನಾನು ಪೀಡಿಸಿದಾಗಲೂ ವೈದ್ಯೆ ಸಡಿಲಿಸಲಿಲ್ಲ. ಗಂಧೆ ಏಳುವುದು ಈಗ ಬಹಳ ಕಡಿಮೆಯಾಗಿದೆ, ಎದೆಯುರಿ ಹೆಚ್ಚುಕಡಿಮೆ ನಿಂತಿದೆ. ಇದರಲ್ಲಿ ಔಷಧಿಯಷ್ಟೇ ಪಾಲು ಈ ಪಥ್ಯದ್ದೂ ಎಂದು ನನ್ನ ನಂಬಿಕೆ. ರಕ್ತದೊತ್ತಡದ ಮಾತ್ರೆಯನ್ನು ನಿಲ್ಲಿಸಬಹುದೇ ಎಂದು ಕೇಳಿದ್ದಕ್ಕೆ ವೈದ್ಯೆ ಸ್ಪಷ್ಟವಾಗಿ ಬೇಡವೆಂದರು. ಆ ಒಂದು ಉತ್ತರದಿಂದ ಅವರ ಮೇಲಿನ ನನ್ನ ಗೌರವ ಇಮ್ಮಡಿಸಿತು.

ದೂರುಗಳೂ ಇವೆ. ಮೊದಲು ಹೇಳಿದ ಶುಲ್ಕದಲ್ಲಿ ತುಪ್ಪದ ಬೆಲೆ ಸೇರಿರಲಿಲ್ಲ, ಅದನ್ನು ಬಿಲ್ಲಿನಲ್ಲಷ್ಟೇ ಕಂಡೆ. ಸ್ವೇದನದ ಕೋಣೆಗೆ ಗಾಳಿ ಸಾಲದು. ಇನ್ನೂ ಬೇಸರದ ಸಂಗತಿಯೆಂದರೆ ಹೊರಡುವಾಗ ಕೌಂಟರಿನವರು ರಸಾಯನದ (ಶಕ್ತಿವರ್ಧಕ ಔಷಧಿಯ) ಹೆಸರಿನಲ್ಲಿ ನಾಲ್ಕಾರು ಬಾಟಲಿ ಮುಂದಿಟ್ಟದ್ದು. ಶೋಧನದ (ದೇಹಶುದ್ಧಿಯ) ನಂತರವೇ ರಸಾಯನ ಫಲಿಸುತ್ತದೆ, ಮಾಸಿದ ಬಟ್ಟೆಗೆ ಬಣ್ಣ ಹತ್ತುವುದಿಲ್ಲ ಎಂದು ಆಯುರ್ವೇದದ ಪ್ರಾಚೀನ ಗ್ರಂಥಕಾರ ವಾಗ್ಭಟ ಹೇಳಿರುವುದು ನಿಜ. ಆದರೆ ವೈದ್ಯೆ ಬರೆದುಕೊಟ್ಟದ್ದು ನೆಲ್ಲಿಕಾಯಿಯ ಒಂದೇ ಔಷಧಿ. ಲೋಹ, ಖನಿಜಗಳ ಭಸ್ಮ ಸೇರಿದ ಮಾತ್ರೆಗಳನ್ನಂತೂ ವೈದ್ಯರ ಚೀಟಿಯಿಲ್ಲದೆ ಯಾರೂ ಕೊಳ್ಳಬಾರದು. ಸರಿಯಾಗಿ ತಯಾರಾಗದ ಇಂಥ ರಸೌಷಧಗಳಿಂದ ಸೀಸ, ಪಾದರಸಗಳು ದೇಹ ಸೇರಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ.

ಇದು ಹಗಲಿನಲ್ಲಿ ಮಾತ್ರ ನಡೆಯುವ ಚಿಕಿತ್ಸಾಲಯವಾದ್ದರಿಂದ ನನ್ನ ಆರೋಗ್ಯವಿಮೆಯಿಂದ ಹಣ ಸಿಗಲಿಲ್ಲ. ದಾಖಲಾಗಿಯೇ ಚಿಕಿತ್ಸೆ ಪಡೆಯಬೇಕೆನ್ನುವವರು ರಾಸ್ತಾ ಪೇಠೆಯಲ್ಲಿ, 1933ರಲ್ಲಿ ಆರಂಭವಾದ ಟಿಳಕ್ ಆಯುರ್ವೇದ ಮಹಾವಿದ್ಯಾಲಯಕ್ಕೆ ಸೇರಿದ ತಾರಾಚಂದ್ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಉದ್ಯೋಗಸ್ಥರು ವಿರೇಚನದ ದಿನಕ್ಕಷ್ಟೇ ಅಲ್ಲದೆ ಪಥ್ಯದ ದಿನಗಳಿಗೂ ಸೇರಿಸಿಯೇ ರಜೆ ಹಾಕಿಕೊಳ್ಳಬೇಕು. ಕೊಥ್ರೂಡಿನ ಈ ಚಿಕಿತ್ಸಾಲಯ ಮೊದಲ ಮಹಡಿಯಲ್ಲಿದ್ದು ಲಿಫ್ಟ್ ಇಲ್ಲ. ಮೊಣಕಾಲು ನೋವಿಗೆ ಬಸ್ತಿ ಮಾಡಿಸಲು ಹಿರಿಯರನ್ನು ಕರೆದುಕೊಂಡು ಬರುವವರು ಮೊದಲೇ ಫೋನು ಮಾಡಿದರೆ, ಮೊದಲ ತಪಾಸಣೆಯನ್ನು ವೈದ್ಯೆ ಕೆಳಗಿನ ಕೋಣೆಯಲ್ಲಿ ಮಾಡಿಕೊಡುತ್ತಾರೆ.