ಕಾಲಿ-ಪೀಲಿ ಕಾರಿಗೆ ಬ್ಲೆಂಡರೋ, ಝಡ್‌ಮಾಡೆಲರೋ?

2023ರ ಅಕ್ಟೋಬರ್‌ನಲ್ಲಿ ಮುಂಬೈ ರಸ್ತೆಗಳಿಂದ ಮರೆಯಾದ ಕಪ್ಪು-ಹಳದಿ (ಕಾಲಿ-ಪೀಲಿ) ಪದ್ಮಿನಿ ಟ್ಯಾಕ್ಸಿ ಜಿಟಿಎ ಸ್ಯಾನ್ ಆಂಡ್ರಿಯಾಸ್ ಎಂಬ ಕಂಪ್ಯೂಟರ್ ಆಟದಲ್ಲಾದರೂ ಓಡಲಿ ಎನ್ನುವ ಆಸೆ ಡೊಂಬಿವಲಿ, ಘಾಟ್‌ಕೋಪರ್‌ನ ನಮ್ಮ ಹುಡುಗರಲ್ಲಿ ಇದ್ದೇ ಇದೆ. ಅಸೆಟ್ಟೊ ಕೋರ್ಸಾ ಎಂಬ ಕಾರ್ ರೇಸಿಂಗ್ ಆಟಕ್ಕೆ ಮಾಡಿದ 3ಡಿ ಮಾಡೆಲನ್ನು, ಮಾಡಿದವರ ಒಪ್ಪಿಗೆ ಪಡೆದು, ಎಫ್‌ಬಿಎಕ್ಸ್ (3ಡಿ ಮಾಡೆಲಿನ ಒಂದು ಕಡತ ಮಾದರಿ) ಆಗಿ ತಂದುಕೊಂಡರೆ, ಅದನ್ನು ತಿದ್ದಲು ಎರಡು 3ಡಿ ತಂತ್ರಾಂಶಗಳ ದಾರಿ: ಲೈಸೆನ್ಸಿಗೆ ದುಡ್ಡು ಕೊಡಬೇಕಾದ ಝಡ್‌ಮಾಡೆಲರ್ 3, ಇಲ್ಲವೇ ಪುಕ್ಕಟೆ ಸಿಗುವ ಬ್ಲೆಂಡರ್ ಮತ್ತು ಮಾಡೆಲನ್ನು ಈ ಆಟದ ಕಡತವಾಗಿಸುವ ಅದರ ಡ್ರ್ಯಾಗನ್‌ಎಫ್‌ಎಫ್ ಆಡ್‌ಆನ್. ಒಂದೇ ಮಾಡೆಲನ್ನು ಎರಡರಲ್ಲೂ ಹಾಕಿ ನೋಡಿದರೆ ಬಾಡಿ ಕೆಲಸಕ್ಕೆ ಬ್ಲೆಂಡರೇ ವಾಸಿ.

ಮೊದಲು ಅಳತೆ. ಆಟದಲ್ಲಿ ಒಂದು ಯೂನಿಟ್ ಎಂದರೆ ಒಂದು ಮೀಟರ್. ಪದ್ಮಿನಿಯ ವೀಲ್‌ಬೇಸ್ 2,340 ಮಿ.ಮೀ., ಹಾಗಾಗಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.34 ಬರಬೇಕು. ಬ್ಲೆಂಡರಿನಲ್ಲಿ ಸರಿಪಡಿಸಿದ ಮೇಲೆ ಕಂಟ್ರೋಲ್-ಎ ಒತ್ತಿ ಸ್ಕೇಲ್ ಅಪ್ಲೈ ಮಾಡದಿದ್ದರೆ ಆಟದಲ್ಲಿ ಭಾಗಗಳ ಗಾತ್ರ ಕೆಡುತ್ತದೆ. ಝಡ್‌ಮಾಡೆಲರ್‌ನಲ್ಲಿ ವೈ ಅಕ್ಷ ಮೇಲ್ಮುಖ, ಬ್ಲೆಂಡರಿನಲ್ಲಿ ಝಡ್. ಒಂದರ ಅಂಕಿಗಳನ್ನು ಇನ್ನೊಂದಕ್ಕೆ ಹಾಗೇ ಹಾಕಬೇಡಿ.

ನಿಜವಾದ ವ್ಯತ್ಯಾಸ ಗೊತ್ತಾಗುವುದು ಬಣ್ಣದಲ್ಲಿ. ಅಸೆಟ್ಟೊದಲ್ಲಿ ಕಪ್ಪು ಬಾಡಿ, ಹಳದಿ ಟಾಪು ಎರಡೂ ಒಂದೇ ಟೆಕ್ಸ್‌ಚರಿನಲ್ಲಿ (ಮಾಡೆಲಿಗೆ ಹೊದಿಸುವ ಚಿತ್ರದಲ್ಲಿ) ಇರಬಹುದು. ಸ್ಯಾನ್ ಆಂಡ್ರಿಯಾಸ್ ನೋಡುವುದು ಮೆಟೀರಿಯಲ್ (ಮೇಲ್ಮೈಗೆ ಕೊಡುವ ಗುಣ) ಬಣ್ಣದ ಕೆಂಪು-ಹಸಿರು-ನೀಲಿ ಅಂಕಿಗಳನ್ನು: 60, 255, 0 ಇದ್ದಲ್ಲಿ ಮೊದಲ ಬಣ್ಣ, 255, 0, 175 ಇದ್ದಲ್ಲಿ ಎರಡನೆಯದು. ಮಳೆನೀರು ಹರಿಯಲು ಟಾಪಿನ ಅಂಚಿಗೆ ಇರುವ ತೆಳು ಪಟ್ಟಿಯುದ್ದಕ್ಕೂ ಎಡ್ಜ್ ಲೂಪ್ (ಸಾಲಾಗಿ ಸೇರಿದ ಅಂಚುಗಳು) ಆರಿಸಿ, ಮೇಲಿನ ಫೇಸ್‌ಗಳಿಗೆ (ಮಾಡೆಲಿನ ಪುಟ್ಟ ಮುಖಗಳಿಗೆ) ಬೇರೆ ಮೆಟೀರಿಯಲ್ ಕೊಡಿ. ಡ್ರ್ಯಾಗನ್‌ಎಫ್‌ಎಫ್‌ನಲ್ಲಿ ಈ ಬಣ್ಣಗಳ ಪ್ರಿಸೆಟ್ ಸಿದ್ಧವಾಗಿದೆ. ಕೈಯಲ್ಲಿ ತುಂಬುವಾಗ ಒಂದು ಅಂಕಿ ತಪ್ಪಿದರೂ ಆ ಭಾಗ ಗಿಣಿಹಸಿರು ಇಲ್ಲವೇ ಗುಲಾಬಿಯಾಗಿಯೇ ಉಳಿಯುತ್ತದೆ. ಆಮೇಲೆ ಆಟದ ಕಾರುಗಳ ಬಣ್ಣ ಬರೆದಿರುವ ಕಾರ್‌ಕಾಲ್ಸ್ ಕಡತದ ಟ್ಯಾಕ್ಸಿ ಸಾಲಿನಲ್ಲಿ 6,1 ತೆಗೆದು 0,6 ಬರೆಯಿರಿ: 0 ಕಪ್ಪು, 6 ಟ್ಯಾಕ್ಸಿ ಹಳದಿ.

ಬಾಗಿಲು ತಿರುಗುವುದು ಅದರ ಡಮ್ಮಿ (ಭಾಗದ ಜಾಗ ಗುರುತಿಸುವ, ಆಟದಲ್ಲಿ ಕಾಣದ ಬಿಂದು) ಇರುವ ಜಾಗದಲ್ಲಿ. ಡಮ್ಮಿಯನ್ನು ಹಿಂಜಿನ (ಬಾಗಿಲ ಕೀಲಿನ) ಸಾಲಿಗೆ, ಅಂದರೆ ಬಾಗಿಲಿನ ಮುಂಭಾಗದ ಅಂಚಿಗೆ ಇಡದಿದ್ದರೆ ಬಾಗಿಲು ನಡುವಿನಿಂದ ಗಿರ್ರನೆ ತಿರುಗಿ ಅರ್ಧ ಸೀಟಿನೊಳಗೆ ನುಗ್ಗುತ್ತದೆ. ಬ್ಲೆಂಡರಿನಲ್ಲಿ 3ಡಿ ಕರ್ಸರ್ ಹಿಂಜಿನ ಮೇಲಿಟ್ಟರೆ ಎರಡೇ ಕ್ಲಿಕ್ಕಿನ ಕೆಲಸ. ಝಡ್‌ಮಾಡೆಲರ್‌ನ ಲೋಕಲ್ ಆಕ್ಸಿಸ್ (ಭಾಗ ತಿರುಗುವ ಅಕ್ಷ) ಕೈಗೆ ಕೂರಲು ಹೊತ್ತು ಬೇಕು.

ಆದರೆ ಯಾವ ಭಾಗ ಯಾವುದರಡಿ ಎನ್ನುವ ಭಾಗಗಳ ಮರ ಕಟ್ಟುವಾಗ ಝಡ್‌ಮಾಡೆಲರ್ ಹಿತ. ಆಟದ ಮೂಲ ಟ್ಯಾಕ್ಸಿಯನ್ನು ತೆರೆದು, ಹಳೆಯ ಭಾಗ ಅಳಿಸಿ ಅದೇ ಹೆಸರಿನಡಿ ಹೊಸದನ್ನು ಇಡುತ್ತ ಹೋದರೆ ಡಮ್ಮಿ ಒಂದೂ ತಪ್ಪುವುದಿಲ್ಲ. ಚಕ್ರ ಮಾತ್ರ ಒಂದೇ ಸಾಕು, ಬಲ ಮುಂಭಾಗದ ಡಮ್ಮಿಯಡಿ. ಉಳಿದ ಮೂರನ್ನು ಆಟವೇ ಹಾಕಿಕೊಳ್ಳುತ್ತದೆ.

ಪಾಲಿಗಾನ್ (ಮಾಡೆಲಿನ ಮುಖಗಳ ಸಂಖ್ಯೆ) ಇಳಿಸುವುದು ಬ್ಲೆಂಡರಿನಲ್ಲೇ ಸಲೀಸು, ಆದರೆ ಹಾಗೆ ಇಳಿಸುವ ಡೆಸಿಮೇಟ್ ಆದ ಮೇಲೆ ಬಾನೆಟ್ ಮೇಲೆ ಮಚ್ಚೆಮಚ್ಚೆ ನೆರಳು ಬೀಳುತ್ತದೆ. ಅದು ನಾರ್ಮಲ್ (ಮೇಲ್ಮೈ ಯಾವ ಕಡೆಗೆ ಮುಖ ಮಾಡಿದೆ ಎಂಬ ಲೆಕ್ಕ) ಕೆಟ್ಟ ಗುರುತು. ವೆಯ್ಟೆಡ್ ನಾರ್ಮಲ್ ಮಾಡಿಫೈಯರ್ ಹಾಕಿ. ಟೆಕ್ಸ್‌ಚರ್‌ಗಳನ್ನು 1024ಕ್ಕೆ ಇಳಿಸಿ, ಹೆಸರು 31 ಅಕ್ಷರ ದಾಟದಂತೆ ನೋಡಿಕೊಳ್ಳಿ.

ಎಕ್ಸ್‌ಪೋರ್ಟ್ ಮಾಡುವಾಗ ಕೊಲಿಷನ್ (ಡಿಕ್ಕಿಯ ಲೆಕ್ಕಕ್ಕೆ ಬೇಕಾದ ಆಕಾರ) ಟಿಕ್ ಮರೆಯಬಾರದು. ಮರೆತರೆ ಕಾರು ನೆಲದೊಳಗೆ ಇಳಿಯುತ್ತದೆ, ಇಲ್ಲವೇ ಆಟವೇ ಮುಚ್ಚಿಹೋಗುತ್ತದೆ. ಹತ್ತಿರದಿಂದ ಚೆನ್ನಾಗಿ ಕಂಡ ಕಾರು ದೂರ ಸರಿದೊಡನೆ ಮಾಯವಾದರೆ ಚಾಸಿಸ್ ವಿಎಲ್‌ಒ (ದೂರದಿಂದ ತೋರಿಸುವ ಸರಳ ಮಾಡೆಲ್) ಬಿಟ್ಟುಹೋಗಿದೆ ಎಂದೇ ಅರ್ಥ.