ಕಂಪ್ಲೇಂಟ್ ಯಾರಿಗೆ ಕೊಡೋದು: ಕಂಪನಿ ಕಮಿಟಿಗಾ, ಜಿಲ್ಲಾ ಕಮಿಟಿಗಾ?

ಬಳ್ಳಾರಿ ಜೀನ್ಸ್ ಯೂನಿಟ್‌ನಾಗ ದುಡಿಯೋ ಅಕ್ಕತಂಗೇರಿಗೆ ಹೇಳ್ತೀನಿ, ಕೆಲಸದ ಜಾಗದಾಗ ಲೈಂಗಿಕ ಕಿರುಕುಳ ಆದ್ರ 2013ರ ಕಾಯ್ದೆದಾಗ ಎರಡು ದಾರಿ ಅದಾವ. 10 ಇಲ್ಲಾ ಜಾಸ್ತಿ ಜನ ಇರೋ ಕಡೆ ಆಂತರಿಕ ಸಮಿತಿ, ಅಂದ್ರ ಕಂಪನಿ ಒಳಗಿನ ಕಮಿಟಿ, ಇರ್ಲೇಬೇಕು, ಅಧ್ಯಕ್ಷರು ಹೆಣ್ಮಗಳೇ ಆಗಿರ್ಬೇಕು, ಹೊರಗಿನ ಸದಸ್ಯರೂ ಒಬ್ರು ಬೇಕು, ಸಾಕ್ಷಿ ಅಲ್ಲೇ ಸಿಗ್ತಾರ ಅನ್ನೋದು ಅನುಕೂಲ ಖರೆ, ಆದ್ರ ಉಳಿದೋರೆಲ್ಲ ಮಾಲೀಕರ ಕೈಕೆಳಗಿನೋರು ಅನ್ನೋ ಅಂಜಿಕಿ ಇದ್ದೇ ಇರ್ತೈತಿ. ಜನ 10ಕ್ಕಿಂತ ಕಮ್ಮಿ ಅದಾರ, ಇಲ್ಲಾ ಕಾಟ ಕೊಡೋನೇ ಮಾಲೀಕ ಅಂದ್ರ ಸೀದಾ ಜಿಲ್ಲಾ ಸ್ಥಳೀಯ ಸಮಿತಿಗೆ ಹೋಗ್ರಿ, ಸಣ್ಣ ಯೂನಿಟ್‌ನೋರು ಇದನ್ನ ಮೊದಲು ತಿಳ್ಕೊಳ್ರಿ.

ಕಂಪ್ಲೇಂಟ್ ಎಲ್ಲಿ ಕೊಟ್ರೂ ಕಿರುಕುಳ ಆಗಿ 3 ತಿಂಗಳೊಳಗ ಬರದು ಕೊಡ್ಬೇಕು. ತಡ ಆಗೇತೇನು? ಕಾರಣ ಬರೀರಿ, ಸಮಿತಿ ಇನ್ನೂ 3 ತಿಂಗಳು ಟೈಮ್ ಕೊಡಬಹುದು. ಬರಿಯಾಕ ಬರಲ್ಲಂದ್ರ ಸಮಿತಿಯೋರೇ ಸಹಾಯ ಮಾಡ್ಬೇಕು, ಕೇಳಾಕ ನಾಚ್ಕೋಬ್ಯಾಡ್ರಿ.