‘ಕಾಂಪ್ಲಿಮೆಂಟರಿ ಸ್ಟೇ’ ಅಂತ ನಂಬಿ ಹೋದೆ, ಬಿಲ್ ಕಟ್ಟಿ ಬಂದೆ

ಇದನ್ನು ಬರೆಯೋದಾ ಬೇಡವಾ ಅಂತ ಮೂರು ವಾರ ಯೋಚಿಸಿದೆ. ಬರೆದರೆ ಹೋಗುವುದು ನನ್ನದೇ ಮರ್ಯಾದೆ. “ಬಿಟ್ಟಿ ರೂಮ್ ಕೇಳೋಕೆ ಹೋಗಿದ್ದು ನೀನೇ ತಾನೇ, ಅನುಭವಿಸು” ಅಂತ ಮನೆಯಲ್ಲೇ ಒಬ್ಬರು ಹೇಳಿ ಆಗಿದೆ. ಹೌದು, ಕೇಳಿದ್ದು ನಾನೇ. ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ಇವತ್ತು ರಾತ್ರಿಯೂ ಯಾರೋ ಒಬ್ಬ ಟ್ರಾವೆಲ್ ಬ್ಲಾಗರ್ ಕೂತು ನಾನು ಕಳಿಸಿದಂಥದ್ದೇ ಮೇಲ್ ಟೈಪ್ ಮಾಡುತ್ತಿರುತ್ತಾರೆ.

ಹೋಟೆಲ್ ಹೆಸರು ಹೇಳುವುದಿಲ್ಲ. ಕೇಳಬೇಡಿ.

ಶುರುವಾಗಿದ್ದು ಎಲ್ಲರಿಗೂ ಆಗುವ ಹಾಗೇ. ಮೀಡಿಯಾ ಕಿಟ್ ಕಳಿಸಿದೆ. ತಿಂಗಳಿಗೆ ಎಷ್ಟು ಜನ ಓದುತ್ತಾರೆ, ಹಳೆಯ ರಿವ್ಯೂಗಳ ಲಿಂಕ್, 2 ರಾತ್ರಿಗೆ ಬದಲಾಗಿ 1 ಬರಹ, 1 ರೀಲ್. ಸೀಸನ್ ಇಲ್ಲದ ಸಮಯ, ವಾರದ ಮಧ್ಯದ ದಿನ ಕೇಳಿದ್ದೆ. ರೂಮ್ ಹೇಗೂ ಖಾಲಿ ಬಿದ್ದಿರುವಾಗಲೇ ಅಲ್ವಾ ಅವರು ಕೊಡೋದು. ಅಂಕಿಗಳನ್ನು ಉಬ್ಬಿಸಿರಲಿಲ್ಲ, ಅನಾಲಿಟಿಕ್ಸ್ ಸ್ಕ್ರೀನ್‌ಶಾಟ್ ಇದ್ದ ಹಾಗೇ ಹಾಕಿದ್ದೆ.

ನಾಲ್ಕನೇ ದಿನ ಮಾರ್ಕೆಟಿಂಗ್‌ನವರಿಂದ ಉತ್ತರ ಬಂತು. “ನಿಮ್ಮನ್ನು ಹೋಸ್ಟ್ ಮಾಡಲು ತುಂಬಾ ಸಂತೋಷ. 2 ರಾತ್ರಿಯ ಕಾಂಪ್ಲಿಮೆಂಟರಿ ಸ್ಟೇ ಕನ್ಫರ್ಮ್ ಆಗಿದೆ.” ಕೊನೆಗೆ ಒಂದು ನಗುಮುಖದ ಇಮೋಜಿ ಬೇರೆ. ಅಷ್ಟಕ್ಕೇ ಕರಗಿಹೋದೆ. ಅದಕ್ಕೂ ಮೊದಲು ಆರು ಹೋಟೆಲ್‌ಗೆ ಬರೆದು ಆರೂ ಕಡೆಯಿಂದ ಒಂದು ಅಕ್ಷರದ ಉತ್ತರ ಬಂದಿರಲಿಲ್ಲ. ನಾನು ಕಳಿಸಿದ ರಿಪ್ಲೈ ತೆಗೆದು ಈಗ ನೋಡಿದೆ. ನಾಲ್ಕು ಸಲ ಥ್ಯಾಂಕ್ಯೂ ಅಂದಿದ್ದೇನೆ. ಒಂದೇ ಮೇಲ್‌ನಲ್ಲಿ ನಾಲ್ಕು ಸಲ! ತಿಂಡಿ ಸೇರಿದೆಯಾ, ಟ್ಯಾಕ್ಸ್ ಯಾರು ಕಟ್ಟಬೇಕು, ಒಂದನ್ನೂ ಕೇಳಿಲ್ಲ. ಜೊತೆಗೆ ತಂಗಿ ಬರುತ್ತಾಳೆ ಅಂತ ಮಾತ್ರ ಬರೆದಿದ್ದೆ. ಅದಕ್ಕೆ “ಖಂಡಿತ, ಸ್ವಾಗತ” ಅಂದಿದ್ದರು. ಹೆಚ್ಚು ಕೇಳಿದರೆ ಕೊಟ್ಟಿದ್ದನ್ನೂ ವಾಪಸ್ ತಗೊಂಡುಬಿಟ್ಟಾರು ಅನ್ನುವ ಭಯ ನನಗೆ.

ಹೊರಡುವ ಹಿಂದಿನ ಸಂಜೆ ಇನ್ನೊಂದು ಮೇಲ್. “ಒಂದು ಚಿಕ್ಕ ಅಪ್‌ಡೇಟ್” ಅಂತ. 1 ರೀಲ್ ಹೋಗಿ 3 ಆಗಿತ್ತು. 10 ಸ್ಟೋರಿ. 25 ಫೋಟೋ, ಪೂರ್ತಿ ಸೈಜಿನಲ್ಲಿ, ಅವರು ಎಲ್ಲಿ ಬೇಕಾದರೂ ಎಷ್ಟು ವರ್ಷ ಬೇಕಾದರೂ ಬಳಸಬಹುದು. ಪಬ್ಲಿಷ್ ಮಾಡುವ ಮೊದಲು ಬರಹ ಅವರಿಗೆ ತೋರಿಸಬೇಕು. ಚಿಕ್ಕ ಅಪ್‌ಡೇಟ್ ಅಂತೆ! ಅಷ್ಟರಲ್ಲಿ ನನ್ನ ಟಿಕೆಟ್ ಆಗಿತ್ತು, ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಬರದ ಟಿಕೆಟ್. ಅದು ಅವರಿಗೂ ಗೊತ್ತಿತ್ತು, ಬರುವ ಸಮಯ ನಾನೇ ಬರೆದು ಕಳಿಸಿದ್ದೆನಲ್ಲ. “ಓಕೆ” ಅಂತ ಉತ್ತರ ಕೊಟ್ಟೆ. ಅಲ್ಲೇ ಬಿಟ್ಟುಬಿಡಬೇಕಿತ್ತು.

ಹೋದರೆ ರಿಸೆಪ್ಷನ್‌ನಲ್ಲಿ ನನ್ನ ಹೆಸರಿನ ಮುಂದೆ ಏನೂ ಬರೆದಿಲ್ಲ. ಮೇಲ್ ಕಳಿಸಿದವರು ರಜೆ. ಫೋನ್ ಎತ್ತುತ್ತಿಲ್ಲ. ನಲವತ್ತು ನಿಮಿಷ ಸೋಫಾದಲ್ಲಿ ಕೂತು, ಮೊಬೈಲ್‌ನಲ್ಲಿದ್ದ ಮೇಲ್ ಅನ್ನು ಮೂರು ಜನಕ್ಕೆ ತೋರಿಸಿದ ಮೇಲೆ ಕೀ ಕಾರ್ಡ್ ಸಿಕ್ಕಿತು. ಅದಕ್ಕೂ ಮೊದಲು ನನ್ನ ಕ್ರೆಡಿಟ್ ಕಾರ್ಡ್ ಉಜ್ಜಿದರು. “ಸುಮ್ನೆ ಗ್ಯಾರಂಟಿಗೆ ಮೇಡಂ, ಹೋಗುವಾಗ ಬಿಡುಗಡೆ ಆಗುತ್ತೆ.” ಹೋಲ್ಡ್ ಹಾಕುವುದು ಎಲ್ಲ ಕಡೆ ಇರುವುದೇ, ದುಡ್ಡು ಕಡಿತ ಆಗುವುದಿಲ್ಲ, ಲಿಮಿಟ್‌ನಲ್ಲಿ ಅಷ್ಟನ್ನು ತಡೆದಿಡುತ್ತಾರೆ. ಹಾಗಾಗಿ ನಾನೂ ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಬಿಟ್ಟಿ ರೂಮಿಗೆ ಎರಡು ರಾತ್ರಿಯ ಪೂರ್ತಿ ಬಾಡಿಗೆಯಷ್ಟು ಹೋಲ್ಡ್ ಯಾಕೆ? ಆಗ ಹೊಳೆಯಲಿಲ್ಲ.

ರೂಮಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸರ್ವಿಸ್ ಲಿಫ್ಟ್ ಪಕ್ಕದ್ದು. ರಾತ್ರಿ ಎರಡು ಗಂಟೆಗೂ ಟ್ರಾಲಿ ಗಡಗಡ. ಆದರೂ ಎರಡೂ ದಿನ ಗಾಣದೆತ್ತಿನ ಹಾಗೆ ದುಡಿದೆ. ಜನ ಬರುವ ಮೊದಲು ಪೂಲ್ ಖಾಲಿ ಇರುವಾಗ ಫೋಟೋ ಬೇಕಲ್ಲ, ಅದಕ್ಕೆ ಬೆಳಗ್ಗೆ ಐದೂವರೆಗೆ ಎದ್ದು, ನೆಲ ಜಾರುತ್ತೆ ಅಂತ ನನ್ನ ನೀಲಿ ಚಪ್ಪಲಿ ಅಂಚಿನಲ್ಲಿ ಬಿಟ್ಟು, ಮಂಡಿ ಊರಿ ಫೋಟೋ ತೆಗೆದಿದ್ದೇನೆ. ತಿಂಡಿ ಆರುವವರೆಗೂ ತಟ್ಟೆಗಳ ವಿಡಿಯೋ ಮಾಡಿದ್ದೇನೆ. ತಂಗಿ ಬೈದುಕೊಂಡೇ ಕಾದಳು.

ಈಗ ಚೆಕ್‌ಔಟ್.

ಕೌಂಟರಿನ ಹುಡುಗ ಒಂದು ಕಾಗದ ಪ್ರಿಂಟ್ ತೆಗೆದು ನನ್ನ ಕಡೆ ತಿರುಗಿಸಿಟ್ಟ. ಬಿಲ್. ಮೊದಲ ಸಾಲು ರೂಮ್ ಬಾಡಿಗೆ, ಎದುರಿಗೆ ಸೊನ್ನೆ. ಅದನ್ನು ನೋಡಿ ನಕ್ಕೆ ಕೂಡ. ಕೆಳಗೆ ಕಣ್ಣು ಹೋಯಿತು. ಟ್ಯಾಕ್ಸ್. ಸರ್ವಿಸ್ ಚಾರ್ಜ್. ಎಕ್ಸ್‌ಟ್ರಾ ಪರ್ಸನ್, 2 ರಾತ್ರಿಗೆ. ತಿಂಡಿ, 4. ಯಾವ ತಿಂಡಿ? ಅವರ ರೀಲ್‌ಗೆ ಅಂತ ನಾನು ವಿಡಿಯೋ ಮಾಡಿದ್ದೆನಲ್ಲ, ಅದೇ ನಾಲ್ಕು ತಟ್ಟೆ. ಟ್ಯಾಕ್ಸ್ ಹಾಕಿದ್ದು ಯಾವುದರ ಮೇಲೆ ಗೊತ್ತಾ? ರ‍್ಯಾಕ್ ರೇಟ್ ಮೇಲೆ. ಒಂದು ಪೈಸೆ ರಿಯಾಯಿತಿ ಇಲ್ಲದ, ಬೋರ್ಡಿನಲ್ಲಿ ಬರೆಯುವ ದರ ಇರುತ್ತಲ್ಲ, ಅದು. ಆ್ಯಪ್‌ನಲ್ಲಿ ಬುಕ್ ಮಾಡಿದ ಯಾರೂ ಅಷ್ಟು ಕೊಡುವುದಿಲ್ಲ. ಕೂಡಿಸಿ ನೋಡಿದರೆ ಹತ್ತಿರದ ಒಂದು ಸಾಧಾರಣ ಲಾಡ್ಜ್‌ನಲ್ಲಿ ಎರಡು ರಾತ್ರಿ ಆರಾಮಾಗಿ ಇದ್ದು ಬರಬಹುದಿತ್ತು. ಯಾರ ಹಂಗೂ ಇಲ್ಲದೆ.

“ಇದು ಕಾಂಪ್ಲಿಮೆಂಟರಿ ಸ್ಟೇ ಅಲ್ವಾ?” ಅಂದೆ.

“ಹೌದು ಮೇಡಂ. ರೂಮ್ ಕಾಂಪ್ಲಿಮೆಂಟರಿನೇ. ನೋಡಿ, ಸೊನ್ನೆ ಇದೆ.”

ಪೆನ್ನಿನ ತುದಿಯಿಂದ ಆ ಸೊನ್ನೆಯನ್ನು ಎರಡು ಸಲ ತಟ್ಟಿ ತೋರಿಸಿದ. ಟಕ್ ಟಕ್. ಹಿಂದೆ ಸೂಟ್‌ಕೇಸ್ ಹಿಡಿದು ನಾಲ್ಕೈದು ಜನ ನಿಂತಿದ್ದರು, ದುಡ್ಡು ಕೊಟ್ಟು ಇದ್ದವರು. ಅವರಲ್ಲಿ ಒಬ್ಬರು ಗಡಿಯಾರ ನೋಡಿದರು. ಬೇರೆ ಕಡೆಯಾಗಿದ್ದರೆ ನಾನು ಸುಮ್ಮನಿರುವವಳಲ್ಲ. ಆದರೆ ಬಿಟ್ಟಿ ಬಂದವಳು ಅವರೆದುರಿಗೆ ಏನಂತ ಜಗಳ ಮಾಡಲಿ? ದನಿಯೇ ಏಳಲಿಲ್ಲ. ಸೈನ್ ಮಾಡಿದೆ. ತಂಗಿ ನನ್ನ ಮುಖ ನೋಡಲೇ ಇಲ್ಲ.

ದಾನಕ್ಕೆ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಅನ್ನಬೇಡಿ. ಇದು ದಾನ ಅಲ್ಲ. 3 ರೀಲ್, 10 ಸ್ಟೋರಿ, 25 ಫೋಟೋ, ಒಂದು ಬರಹ. ಇಷ್ಟನ್ನೂ ದುಡ್ಡು ಕೊಟ್ಟು ಮಾಡಿಸಿದ್ದರೆ ಎಷ್ಟಾಗುತ್ತಿತ್ತು ಅಂತ ಅವರಿಗೇ ಚೆನ್ನಾಗಿ ಗೊತ್ತು.

ಮನೆಗೆ ಬಂದು ಮೇಲ್ ಬರೆದೆ. ಎರಡು ದಿನ ಬಿಟ್ಟು ಉತ್ತರ: “ನಮ್ಮ ಮೇಲ್‌ನಲ್ಲಿ ಸ್ಟೇ ಕಾಂಪ್ಲಿಮೆಂಟರಿ ಎಂದು ಸ್ಪಷ್ಟವಾಗಿ ತಿಳಿಸಿದ್ದೇವೆ. ಇತರ ಶುಲ್ಕಗಳ ಬಗ್ಗೆ ಏನನ್ನೂ ತಿಳಿಸಿಲ್ಲ.” ಅದೇ ತಾನೇ ನನ್ನ ದೂರು, ತಿಳಿಸಿಲ್ಲ ಅನ್ನೋದು! ತಂಗಿಗೆ “ಸ್ವಾಗತ” ಅಂದಿದ್ದಿರಲ್ಲ ಅಂದೆ. “ಸ್ವಾಗತಿಸಿದ್ದೇವೆ, ಉಚಿತ ಎಂದಿಲ್ಲ.” ಈ ಸಲ ನಗುಮುಖ ಇರಲಿಲ್ಲ.

ಇಷ್ಟಾದರೂ ಮಾತು ಕೊಟ್ಟಿದ್ದೆ ಅಂತ ಬರಹ ಬರೆದು ಕಳಿಸಿದೆ. ಪೂಲ್ ಚೆನ್ನಾಗಿದೆ ಅಂದೆ, ಲಿಫ್ಟ್ ಗಲಾಟೆಯನ್ನೂ ಬರೆದೆ. ಮೇಲೆ “ಹೋಟೆಲ್‌ನವರು ರೂಮ್ ಉಚಿತವಾಗಿ ಕೊಟ್ಟಿದ್ದರು” ಅನ್ನುವ ಸಾಲು ಹಾಕಿದ್ದೆ. ಲಿಫ್ಟ್ ಸಾಲು ತೆಗೆಯಿರಿ ಅಂದರು, ಅದು ನಿರೀಕ್ಷೆಯಿತ್ತು. ಉಚಿತ ಅನ್ನುವ ಸಾಲೂ ಬೇಡವಂತೆ. ಬಿಲ್ ಮಾಡುವಾಗ ಉಚಿತ ಅಲ್ಲ, ಬರಹದಲ್ಲೂ ಉಚಿತ ಅನ್ನಬಾರದು, ಹಾಗಾದರೆ ಅದು ಉಚಿತ ಆಗಿದ್ದು ಎಲ್ಲಿ? ಬರಹದಲ್ಲಿ ಅವರ ಸೈಟಿಗೆ ಕೊಟ್ಟ ಲಿಂಕ್‌ನಲ್ಲಿದ್ದ ‘ಸ್ಪಾನ್ಸರ್ಡ್’ ಗುರುತನ್ನೂ ತೆಗೆಯಬೇಕಂತೆ. ಏನಾದರೂ ಪಡೆದು ಕೊಟ್ಟ ಲಿಂಕ್‌ಗೆ ಹಾಕಲಿ ಅಂತಲೇ ಗೂಗಲ್ 2019ರಲ್ಲಿ ಈ ಗುರುತು ತಂದಿದ್ದು. ಗುರುತಿಲ್ಲದೆ ಹಾಕಿ ಸಿಕ್ಕಿಬಿದ್ದರೆ ಸರ್ಚ್‌ನಲ್ಲಿ ಪೆಟ್ಟು ಬೀಳುವುದು ನನ್ನ ಸೈಟಿಗೆ. “ಬೇರೆ ಬ್ಲಾಗರ್‌ಗಳು ಯಾರೂ ಹಾಕುವುದಿಲ್ಲ” ಅಂತ ಒಂದೇ ಸಾಲಿನ ಉತ್ತರ. ನಾನು ಬರಹ ಹಾಕಲೇ ಇಲ್ಲ.

ಹೋಟೆಲ್‌ನವರೆಲ್ಲ ಕೆಟ್ಟವರು ಅನ್ನುತ್ತಿಲ್ಲ. ಅವರಿಗೂ ನಮ್ಮಂಥವರ ಮೇಲ್ ನೋಡಿ ನೋಡಿ ಸಾಕಾಗಿರುತ್ತದೆ. 2018ರ ಜನವರಿಯಲ್ಲಿ ಡಬ್ಲಿನ್‌ನ ಒಬ್ಬ ಹೋಟೆಲ್ ಮಾಲೀಕ, ಉಚಿತ ವಾಸ ಕೇಳಿದ ಯೂಟ್ಯೂಬರ್ ಒಬ್ಬಳ ಮೇಲ್ ಅನ್ನು ಫೇಸ್‌ಬುಕ್‌ಗೆ ಹಾಕಿದ. ಹೆಸರು ಅಳಿಸಿದ್ದರೂ ಜನ ಅವಳು ಯಾರು ಅಂತ ಹುಡುಕಿದರು. ಆಮೇಲೆ, ನಿನಗೆ ಇಷ್ಟು ಪ್ರಚಾರ ಕೊಡಿಸಿದ್ದೇನೆ ಅಂತ ತಮಾಷೆಗೆ 50 ಲಕ್ಷ ಯೂರೋಗೂ ಜಾಸ್ತಿಯ ಬಿಲ್ ಕಳಿಸಿದ. ಆಗ ನಾನೂ ನಕ್ಕಿದ್ದೆ. ಈಗ ಅನ್ನಿಸುತ್ತದೆ, ಅವನು ಕೊನೇಪಕ್ಷ ಮುಖದ ಮೇಲೆ ಹೊಡೆದ ಹಾಗೆ “ಇಲ್ಲ” ಅಂದ. ನನಗೆ “ಖಂಡಿತ, ಸ್ವಾಗತ” ಅಂದರು.

ಕೇಳಲೇಬೇಕು ಅಂದರೆ ಕೇಳಿ. ಆದರೆ ಟ್ಯಾಕ್ಸ್, ಸರ್ವಿಸ್ ಚಾರ್ಜ್, ತಿಂಡಿ, ಜೊತೆಗೆ ಬರುವವರು, ಕಾರ್ಡ್ ಹೋಲ್ಡ್ ಎಷ್ಟು, ಫೋಟೋ ಎಷ್ಟು ದಿನ ಬಳಸುತ್ತಾರೆ, ಇಷ್ಟೂ ಒಂದೇ ಮೇಲ್‌ನಲ್ಲಿ ಅವರ ಕೈಯಲ್ಲೇ ಬರೆಸಿಕೊಳ್ಳಿ. ನಾಚಿಕೆ ಪಡಬೇಡಿ, ನಾನು ನಾಚಿಕೊಂಡು ಕೆಟ್ಟೆ. ಅದು ಬರುವ ತನಕ ಟಿಕೆಟ್ ಮಾಡಬೇಡಿ. ಹೊರಡುವ ಹಿಂದಿನ ದಿನ “ಚಿಕ್ಕ ಅಪ್‌ಡೇಟ್” ಬಂದರೆ ಮನೆಯಲ್ಲೇ ಇರಿ. ನಗುಮುಖದ ಇಮೋಜಿ ಹಾಕಿದರೆ ಇನ್ನೂ ಹುಷಾರಾಗಿರಿ.

ಕಾರ್ಡ್ ಹೋಲ್ಡ್ ಹನ್ನೊಂದು ದಿನ ಆದ ಮೇಲೆ ಬಿಟ್ಟಿತು. ಫೋಟೋ ಮಾತ್ರ ಮೊದಲನೇ ರಾತ್ರಿಯೇ ಕಳಿಸಿಬಿಟ್ಟಿದ್ದೆ, ದಡ್ಡಿ. ಈಗ ಅವರ ಪೇಜಿನ ನೆತ್ತಿಯ ಮೇಲೆ ಪೂಲ್ ಫೋಟೋ ಇದೆ, ನನ್ನ ಹೆಸರಿಲ್ಲ. ತೆಗೆಯಿರಿ ಅಂತ ಎರಡು ಮೇಲ್ ಹಾಕಿದೆ, “ನೋಟೆಡ್” ಅಂತ ಬಂತು. ಬಲಗಡೆ ಮೂಲೆ ಸ್ವಲ್ಪ ದೊಡ್ಡದು ಮಾಡಿ ನೋಡಿದರೆ ನೀಲಿ ಚಪ್ಪಲಿ ಕಾಣುತ್ತದೆ.